ಪದಕದ ಹಿಂದಿನ ಗುರುವಿಗೂ ಪುರಸ್ಕಾರವಿರಲಿ: ಬಾಲಿಕಾ ಶಾಲೆಗಳಲ್ಲಿ ಕ್ರೀಡಾ ಸನ್ಮಾನದ ಅರ್ಥ ಮತ್ತು ರೀತಿ



ವಿದ್ಯಾಸಂಸ್ಥೆಗಳ ವಾರ್ಷಿಕೋತ್ಸವದಲ್ಲಿ ಪ್ರತಿಭಾ ಪುರಸ್ಕಾರ ತಪ್ಪದೆ ನಡೆಯುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಗಳಿಸಿದ ಮಕ್ಕಳಿಗೆ ಶಾಲು, ಹಾರ, ನಗದು ಬಹುಮಾನಗಳು ದೊರೆಯುತ್ತವೆ. ಜಿಲ್ಲಾ ಮಟ್ಟದ ಓಟದಲ್ಲಿಯೋ ರಾಜ್ಯ ಮಟ್ಟದ ಖೋ ಖೋ ಪಂದ್ಯದಲ್ಲಿಯೋ ಗೆದ್ದು ಬಂದ ಬಾಲಕಿಯ ಹೆಸರನ್ನು ಮಾತ್ರ ಕಾರ್ಯಕ್ರಮದ ಕೊನೆಗೆ, ವಂದನಾರ್ಪಣೆಗೆ ಸ್ವಲ್ಪ ಮುಂಚೆ ಓದಿ, ಪ್ರಮಾಣಪತ್ರವೊಂದನ್ನು ಕೈಗಿತ್ತು ಮುಗಿಸುವುದು ಅನೇಕ ಕಡೆ ರೂಢಿಯಾಗಿದೆ. ಆಕೆಯನ್ನು ತಿದ್ದಿ ತೀಡಿದ ತರಬೇತುದಾರರ ಹೆಸರಂತೂ ಬಹುತೇಕ ಕೇಳಿಬರುವುದೇ ಇಲ್ಲ. ಬಾಲಿಕಾ ಶಾಲೆಯೊಂದರಲ್ಲಿ ಕ್ರೀಡಾಪಟುಗಳನ್ನೂ ತರಬೇತುದಾರರನ್ನೂ ಸನ್ಮಾನಿಸುವುದು ಏಕೆ ಮುಖ್ಯ, ಅದನ್ನು ಹೇಗೆ ನೆರವೇರಿಸಿದರೆ ಸಾರ್ಥಕ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ.

ಕಣ್ಣೂರಿನ ನಿದರ್ಶನ

ನಮ್ಮ ನೆರೆಯ ಕೇರಳ ರಾಜ್ಯದ ಸರ್ಕಾರವು 1976ರಲ್ಲಿ ಕಣ್ಣೂರಿನಲ್ಲಿ ಬಾಲಕಿಯರಿಗಾಗಿಯೇ ಕ್ರೀಡಾ ಶಾಲೆಯೊಂದನ್ನು ಆರಂಭಿಸಿತು. ಅಲ್ಲಿಗೆ ಆಯ್ಕೆಯಾದ ನಲವತ್ತು ಬಾಲಕಿಯರಲ್ಲಿ ಕಲ್ಲಿಕೋಟೆ ಜಿಲ್ಲೆಯ ಪಿ. ಟಿ. ಉಷಾ ಒಬ್ಬರು. ವಾಯುಪಡೆಯ ಸೇವೆಯಿಂದ ಬಂದು ತರಬೇತುದಾರರಾಗಿದ್ದ ಒ. ಎಂ. ನಂಬಿಯಾರ್ ಅವರ ಕಣ್ಣಿಗೆ ಈ ಬಾಲಕಿ ಮೊದಲು ಬಿದ್ದದ್ದು ಕ್ರೀಡಾ ಬಹುಮಾನ ವಿತರಣಾ ಸಮಾರಂಭವೊಂದರಲ್ಲಿ. ಆಕೆಯ ತೆಳ್ಳನೆಯ ಮೈಕಟ್ಟು ಹಾಗೂ ಚುರುಕಾದ ನಡಿಗೆಯನ್ನು ಕಂಡೇ ಈಕೆ ಉತ್ತಮ ಓಟಗಾರ್ತಿಯಾಗಬಲ್ಲಳೆಂದು ತಮಗೆ ಅನಿಸಿತೆಂದು ಅವರು ಬಹುಕಾಲದ ನಂತರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಬಹುಮಾನ ಪಡೆಯುವ ಮಗುವನ್ನು ಸಭೆಯವರೆಲ್ಲ ನೋಡುತ್ತಾರೆ. ಆ ಮಗು ಮುಂದೆ ಏನಾಗಬಲ್ಲದು ಎಂಬುದನ್ನು ಗುರುತಿಸುವ ಕಣ್ಣು ಗುರುವಿನದು.

ಅಲ್ಲಿಂದ ನಾಲ್ಕೇ ವರ್ಷಗಳಲ್ಲಿ, ಹದಿನಾರರ ಹರೆಯದಲ್ಲಿ, ಉಷಾ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಓಡಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅಂತರದಲ್ಲಿ ಕಂಚಿನ ಪದಕ ತಪ್ಪಿ ನಾಲ್ಕನೆಯವರಾದರು. ಪದಕ ಕೈಗೆ ಬರಲಿಲ್ಲ. ಆದರೂ ದೇಶವು ಆ ಓಟವನ್ನು ಮರೆಯಲಿಲ್ಲ. 1985ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಮರುವರ್ಷ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದರು.

ಗುರುವಿಗೆ ತಡವಾಗಿ ತೆರೆದ ಬಾಗಿಲು

ಕ್ರೀಡಾಪಟುಗಳಿಗಾಗಿ ಅರ್ಜುನ ಪ್ರಶಸ್ತಿ ಸ್ಥಾಪಿತವಾದದ್ದು 1961ರಲ್ಲಿ. ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಶಿಷ್ಯರನ್ನು ಗುರುತಿಸಿದ ಇಪ್ಪತ್ನಾಲ್ಕು ವರ್ಷಗಳ ನಂತರವೇ ದೇಶವು ಗುರುಗಳನ್ನು ಗುರುತಿಸಿತು. ಆ ಮೊದಲ ವರ್ಷದಲ್ಲಿ ಪ್ರಶಸ್ತಿ ಪಡೆದ ಮೂವರಲ್ಲಿ ನಂಬಿಯಾರ್ ಒಬ್ಬರಾಗಿದ್ದರು, ಕುಸ್ತಿಯ ಬಿ. ಬಿ. ಭಾಗವತ್ ಹಾಗೂ ಬಾಕ್ಸಿಂಗ್‌ನ ಓಂ ಪ್ರಕಾಶ್ ಭಾರದ್ವಾಜ್ ಉಳಿದಿಬ್ಬರು. ಶಿಷ್ಯೆಗೆ 1985ರಲ್ಲಿಯೇ ಸಂದ ಪದ್ಮಶ್ರೀ ಗೌರವ ಗುರುವಿಗೆ ಘೋಷಣೆಯಾದದ್ದು 2021ರ ಆರಂಭದಲ್ಲಿ, ಮೂವತ್ತಾರು ವರ್ಷಗಳ ಬಳಿಕ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಪ್ರದಾನ ಸಮಾರಂಭ ನಡೆಯುವ ಮುನ್ನವೇ, ಅವರು ನಿಧನರಾದರು.

ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ದೇಶದ ಪ್ರಶಸ್ತಿಗೆ ಅದರದೇ ಆದ ಕ್ರಮವಿರುತ್ತದೆ. ಶಾಲೆಗೆ ಅಂತಹ ಯಾವ ಅಡ್ಡಿಯೂ ಇಲ್ಲ. ಮಗು ಗೆದ್ದ ವರ್ಷವೇ, ಅದೇ ವೇದಿಕೆಯಲ್ಲಿ, ಅದೇ ಗಳಿಗೆಯಲ್ಲಿ ಗುರುವನ್ನೂ ಕರೆದು ನಿಲ್ಲಿಸಲು ಶಾಲೆಗೆ ಸಾಧ್ಯ. ಒಲಿಂಪಿಕ್ಸ್‌ನ ಪದಕ ವೇದಿಕೆಯಲ್ಲಿಯೂ ತರಬೇತುದಾರರಿಗೆ ಸ್ಥಾನವಿಲ್ಲ. ಆ ಕೊರತೆಯನ್ನು ನಮ್ಮ ಊರಿನ ಶಾಲೆ ತುಂಬಿಕೊಡಬಹುದು.

ಗುರುವಿನ ಗೌರವದಿಂದ ಪರಂಪರೆಯೂ ಬೆಳೆಯುತ್ತದೆ. ಉಷಾ ಅವರು 2002ರಲ್ಲಿ ತಮ್ಮ ಜಿಲ್ಲೆಯಲ್ಲಿಯೇ ಬಾಲಕಿಯರ ಅಥ್ಲೆಟಿಕ್ಸ್ ಶಾಲೆಯನ್ನು ಆರಂಭಿಸಿ, ತಾವೇ ತರಬೇತುದಾರರಾದರು. ಅಲ್ಲಿ ಬೆಳೆದ ಟಿಂಟು ಲುಕಾ 2010ರ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಕಂಚು, 2014ರಲ್ಲಿ ಬೆಳ್ಳಿ ಗೆದ್ದು ಅರ್ಜುನ ಪ್ರಶಸ್ತಿಗೂ ಪಾತ್ರರಾದರು. ಕನ್ನಡ ನಾಡಿನಲ್ಲಿ ಉಷಾ ಅವರ ಸಮಕಾಲೀನರಾದ ಅಶ್ವಿನಿ ನಾಚಪ್ಪ ಕೊಡಗಿನ ಗೋಣಿಕೊಪ್ಪಲಿನಲ್ಲಿ ಓದು ಮತ್ತು ಕ್ರೀಡೆ ಎರಡಕ್ಕೂ ಸಮಾನ ಸ್ಥಾನವಿರುವ ಶಾಲೆಯನ್ನು ಕಟ್ಟಿದ್ದಾರೆ. ಇಂದು ವೇದಿಕೆಯ ಮೇಲೆ ನಿಲ್ಲುವ ಬಾಲಕಿ ನಾಳಿನ ತರಬೇತುದಾರಳೂ ಆಗಬಲ್ಲಳೆಂಬುದಕ್ಕೆ ಇವು ಸಾಕ್ಷಿ.

ಸನ್ಮಾನ ಯಾರಿಗೆ ಕಾಣಬೇಕು?

ಬಾಲಿಕಾ ಶಾಲೆಯಲ್ಲಿ ಈ ಸನ್ಮಾನಕ್ಕೆ ಇನ್ನೊಂದು ತೂಕವಿದೆ. ಎಂಟನೆಯ ತರಗತಿಯವರೆಗೆ ಉತ್ಸಾಹದಿಂದ ಓಡುತ್ತಿದ್ದ ಮಗುವನ್ನು ಮನೆಯವರು ನಿಧಾನವಾಗಿ ಮೈದಾನದಿಂದ ಹಿಂದಕ್ಕೆ ಕರೆಯತೊಡಗುತ್ತಾರೆ. ಮೈನೆರೆದ ಹುಡುಗಿ ಚಡ್ಡಿ ತೊಟ್ಟು ಓಡುವುದು ಸರಿಯೇ ಎಂಬ ಸಂಕೋಚ, ಪರ ಊರಿನ ಪಂದ್ಯಕ್ಕೆ ಕಳುಹಿಸುವ ಅಂಜಿಕೆ, ಹತ್ತನೆಯ ತರಗತಿಯ ಪರೀಕ್ಷೆಯ ಒತ್ತಡ, ಮನೆಗೆಲಸ, ಬಿಸಿಲಿಗೆ ಬಣ್ಣ ಕಪ್ಪಾದರೆ ಮುಂದೆ ಸಂಬಂಧ ಕೂಡಿಬರುವುದೇ ಎಂಬ ಚಿಂತೆ ಇವೆಲ್ಲ ಕೂಡಿ ಆಟ ನಿಂತುಹೋಗುತ್ತದೆ. ಯಾರೂ ಆಕೆಯನ್ನು ಬಲವಂತವಾಗಿ ತಡೆಯುವುದಿಲ್ಲ. ಮುಂದುವರಿಸು ಎನ್ನುವವರೂ ಇರುವುದಿಲ್ಲ.

ಆದ್ದರಿಂದ ಸನ್ಮಾನವು ಬಾಲಕಿಗೆ ಎಷ್ಟು ಕಾಣಬೇಕೋ ಅಷ್ಟೇ ಸಭೆಯಲ್ಲಿ ಕುಳಿತ ತಂದೆತಾಯಿಗಳಿಗೂ ಅಜ್ಜಅಜ್ಜಿಯರಿಗೂ ಕಾಣಬೇಕು. ಊರಿನ ಹಿರಿಯರ ಎದುರಿನಲ್ಲಿ, ಪೂಜ್ಯರ ಸಮ್ಮುಖದಲ್ಲಿ ತಮ್ಮ ಮಗಳ ಓಟಕ್ಕೆ ಮನ್ನಣೆ ದೊರೆತುದನ್ನು ಕಂಡ ತಾಯಿ, ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಮಗಳನ್ನು ಎಬ್ಬಿಸಿ ಮೈದಾನಕ್ಕೆ ಕಳುಹಿಸಲು ಹಿಂಜರಿಯುವುದಿಲ್ಲ. ಆ ತಾಯಿಯನ್ನೂ ವೇದಿಕೆಗೆ ಕರೆಯುವುದು ಉಚಿತ.

ತಂಡದ ಆಟದಲ್ಲಿ ನ್ಯಾಯ

ಓಟದಲ್ಲಿ ಗೆದ್ದವರನ್ನು ಗುರುತಿಸುವುದು ಸುಲಭ. ತಂಡದ ಆಟದಲ್ಲಿ ಎಚ್ಚರ ಬೇಕು. ನಮ್ಮ ಶಾಲೆಗಳಲ್ಲಿ ಆಡುವ ಸಾಂಪ್ರದಾಯಿಕ ಖೋ ಖೋದಲ್ಲಿ ಹನ್ನೆರಡು ಮಂದಿಯ ತಂಡದಿಂದ ಒಂಬತ್ತು ಮಂದಿ ಅಂಗಳಕ್ಕಿಳಿಯುತ್ತಾರೆ. ಬೆನ್ನಟ್ಟುವ ಸರದಿಯಲ್ಲಿ ಎಂಟು ಮಂದಿ ಕುಳಿತಿರುತ್ತಾರೆ, ಒಬ್ಬಳು ಓಡುತ್ತಾಳೆ. ಕುಳಿತವಳು ಸರಿಯಾದ ಕ್ಷಣದಲ್ಲಿ ಎದ್ದು ಓಡದಿದ್ದರೆ ಅಂಕವಿಲ್ಲ. ಹೆಚ್ಚು ಜನರನ್ನು ಔಟ್ ಮಾಡಿದ ಒಬ್ಬಳಿಗಷ್ಟೇ ಹಾರ ಹಾಕಿದರೆ ಆಟದ ಮರ್ಮವನ್ನೇ ತಪ್ಪಾಗಿ ಹೇಳಿದಂತಾಗುತ್ತದೆ. ಅಂಗಳಕ್ಕಿಳಿಯದೆ ಉಳಿದ ಮೂವರ ಹೆಸರನ್ನೂ ಸೇರಿಸಿ ಹನ್ನೆರಡು ಹೆಸರುಗಳನ್ನೂ ಓದಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಮಣ್ಣಿನ ಅಂಗಳದಿಂದ ವಿಶ್ವಕಪ್ಪಿನವರೆಗೆ ದಾರಿ ಇದೆ ಎಂಬುದನ್ನು ನಮ್ಮ ಬಾಲಕಿಯರಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಬಹುಮಾನ ಏನಿರಬೇಕು?

ಹಾರವು ಸಂಜೆಗೆ ಬಾಡುತ್ತದೆ, ಸ್ಮರಣಿಕೆ ಗೂಡಿನಲ್ಲಿ ಕೂರುತ್ತದೆ. ಅವುಗಳ ಜೊತೆಗೆ ಮುಂದಿನ ವರ್ಷಕ್ಕೆ ಉಪಯೋಗವಾಗುವುದನ್ನು ಕೊಡಬೇಕು: ಅಳತೆಗೆ ಸರಿಹೊಂದುವ ಓಟದ ಬೂಟು, ಪಂದ್ಯಗಳಿಗೆ ಹೋಗಿಬರುವ ಪ್ರಯಾಣ ವೆಚ್ಚ, ಒಂದು ವರ್ಷದ ಪೌಷ್ಟಿಕ ಆಹಾರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿರುವ ಮಗು ಎಷ್ಟು ಅಭ್ಯಾಸ ಮಾಡಿದರೂ ಬೇಗ ದಣಿಯುತ್ತದೆ. ಹಾಲು, ಮೊಳಕೆ ಕಾಳು, ಶೇಂಗಾ, ಬೆಲ್ಲ, ಸೊಪ್ಪು ದಿನವೂ ದೊರೆಯುವಂತೆ ಮಾಡಿ, ವರ್ಷಕ್ಕೆರಡು ಬಾರಿ ರಕ್ತಪರೀಕ್ಷೆ ಮಾಡಿಸಿ, ಅಗತ್ಯವಿದ್ದವರಿಗೆ ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಮಾತ್ರೆ ಕೊಡಿಸುವುದು ದೊಡ್ಡ ಪುರಸ್ಕಾರವೇ ಸರಿ.

ಪ್ರಮಾಣಪತ್ರವನ್ನೂ ಜಾಗರೂಕತೆಯಿಂದ ಬರೆಯಬೇಕು. ಸ್ಪರ್ಧೆಯ ಹೆಸರು, ಮಟ್ಟ, ದಿನಾಂಕ, ಸ್ಥಳ, ಪಡೆದ ಸ್ಥಾನ, ಓಟವಾದರೆ ಸಮಯ, ಎಸೆತವಾದರೆ ದೂರ ಇವೆಲ್ಲ ಸ್ಪಷ್ಟವಾಗಿರಲಿ. ವಿದ್ಯಾರ್ಥಿನಿಯ ಹೆಸರು ಶಾಲಾ ದಾಖಲೆಯಲ್ಲಿರುವಂತೆಯೇ ಇರಲಿ. ಮುಂದೆ ಕ್ರೀಡಾ ಕೋಟಾದಡಿ ಅರ್ಜಿ ಹಾಕುವಾಗ ಅಕ್ಷರದೋಷವೊಂದು ಕೂಡ ತೊಡಕಾಗಬಹುದು. ವಯಸ್ಸನ್ನು ತಿದ್ದಿ ಗೆಲ್ಲಿಸುವ ಆಸೆಗೆ ಶಾಲೆಯು ಎಂದಿಗೂ ಅವಕಾಶ ಕೊಡಬಾರದು. ಅಂತಹ ಗೆಲುವು ಇನ್ನೊಂದು ಮಗುವಿನಿಂದ ಕಸಿದುಕೊಂಡದ್ದು.

ತರಬೇತುದಾರರನ್ನು ಅಳೆಯುವ ಬಗೆ

ತರಬೇತುದಾರರನ್ನು ಪದಕಗಳ ಎಣಿಕೆಯಿಂದಷ್ಟೇ ಅಳೆಯುವುದು ಸಲ್ಲದು. ಎಷ್ಟು ಬಾಲಕಿಯರು ವರ್ಷವಿಡೀ ಅಭ್ಯಾಸದಲ್ಲಿ ಉಳಿದರು, ಎಷ್ಟು ಮಂದಿ ಹತ್ತನೆಯ ತರಗತಿಯ ನಂತರವೂ ಆಡುತ್ತಿದ್ದಾರೆ, ಗಾಯಗೊಂಡ ಮಗುವಿಗೆ ವಿಶ್ರಾಂತಿ ಕೊಟ್ಟರೇ, ಓದಿಗೆ ಸಮಯ ಬಿಟ್ಟರೇ ಎಂಬುದನ್ನು ನೋಡಬೇಕು. ದೈಹಿಕ ಶಿಕ್ಷಣ ಶಿಕ್ಷಕಿಯರಿಗೆ ವಿಶೇಷ ಮನ್ನಣೆ ಇರಲಿ. ಬಿಲ್ಲುಗಾರಿಕೆಯಲ್ಲಿ ದೀಪಿಕಾ ಕುಮಾರಿ ಅವರಿಗೆ ಮಾರ್ಗದರ್ಶನ ಮಾಡಿದ ಪೂರ್ಣಿಮಾ ಮಹತೋ ಅವರಿಗೆ 2013ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ದೊರೆತಿದೆ; ಈ ಮಾರ್ಗ ಹೆಣ್ಣುಮಕ್ಕಳಿಗೂ ತೆರೆದಿದೆ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಗುರುವಿಗೆ ಗೌರವ ಸಲ್ಲಿಸುವುದೆಂದರೆ ಅವರನ್ನು ಪ್ರಶ್ನಾತೀತರನ್ನಾಗಿ ಮಾಡುವುದಲ್ಲ. ಪರ ಊರಿನ ಪಂದ್ಯಕ್ಕೆ ಹೋಗುವಾಗ ಶಿಕ್ಷಕಿಯೊಬ್ಬರು ಕಡ್ಡಾಯವಾಗಿ ಜೊತೆಗಿರಬೇಕು. ಮಗುವಿಗೆ ಅಹಿತವೆನಿಸಿದರೆ ಯಾರಿಗೆ ಹೇಳಬೇಕೆಂಬುದು ಮೊದಲೇ ತಿಳಿದಿರಬೇಕು. ಹೇಳಿದಾಗ ದೊಡ್ಡವರು ನಂಬಬೇಕು. ಮಕ್ಕಳ ರಕ್ಷಣೆಗೆ 2012ರ ಪೋಕ್ಸೊ ಕಾಯ್ದೆ ಇದೆ. ಅದರ ಅರಿವು ಆಡಳಿತ ಮಂಡಳಿಯ ಪ್ರತಿಯೊಬ್ಬ ಸದಸ್ಯರಿಗೂ ಇರಬೇಕು. ಪ್ರಾಮಾಣಿಕ ತರಬೇತುದಾರರು ಇಂತಹ ವ್ಯವಸ್ಥೆಯನ್ನು ಸ್ವಾಗತಿಸುತ್ತಾರೆ, ಏಕೆಂದರೆ ಪೋಷಕರ ಭರವಸೆ ನಿಂತಿರುವುದು ಅದರ ಮೇಲೆ.

ನಮ್ಮ ಕೋರಿಕೆ

ದಾನಿಗಳಾದ ಭಕ್ತಮಹಾಶಯರು ಶಾಲೆಗೆ ದತ್ತಿ ನೀಡುವಾಗ ಕಟ್ಟಡ, ಕೊಠಡಿಗಳ ಜೊತೆಗೆ ಕ್ರೀಡೆಯನ್ನೂ ನೆನೆಯಬೇಕೆಂದು ವಿನಂತಿಸುತ್ತೇವೆ. ಹತ್ತನೆಯ ತರಗತಿ ಮುಗಿಸಿದ ಒಬ್ಬ ಬಾಲಕಿಯ ಮುಂದಿನ ಎರಡು ವರ್ಷಗಳ ಅಭ್ಯಾಸದ ಖರ್ಚನ್ನು ಒಂದು ಕುಟುಂಬ ವಹಿಸಿಕೊಂಡರೆ, ಮೈದಾನ ಬಿಡಬೇಕಾಗಿದ್ದ ಒಂದು ಮಗು ಮೈದಾನದಲ್ಲಿ ಉಳಿಯುತ್ತದೆ. ಆಡಳಿತ ಮಂಡಳಿಗಳು ಬರುವ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಕ್ರೀಡಾಪಟುಗಳ ಹೆಸರಿನ ಪಕ್ಕದಲ್ಲಿಯೇ ಅವರ ತರಬೇತುದಾರರ ಹೆಸರನ್ನೂ ಮುದ್ರಿಸಲಿ. ಅದಕ್ಕೆ ತಗಲುವ ವೆಚ್ಚ ಒಂದು ಸಾಲಿನದು ಮಾತ್ರ.