ಮೂತ್ರ ತಿಳಿಯಾದೊಡನೆ ಮೂತ್ರಪಿಂಡ ಗುಣವಾಯಿತೆ?

ಮೂತ್ರದಲ್ಲಿ ಯಾವ ಔಷಧವು ಹೇರಳವಾಗಿ ಇಳಿದುಬರುವುದೋ ಅದೇ ಮೂತ್ರಪಿಂಡದ ಸೋಂಕಿಗೂ ಪರಮೌಷಧವೆಂಬ, ಮೂತ್ರವು ನಿರ್ಮಲವಾದೊಡನೆ ರೋಗವೂ ತೀರಿತೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಮೇಲ್ನೋಟಕ್ಕೆ ಯುಕ್ತವೆಂದು ತೋರುವ ಈ ಮಾತು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ನಿಲ್ಲದು.

ಇ. ಕೋಲೈ ಬ್ಯಾಕ್ಟೀರಿಯಾವನ್ನು ಇಲಿಯ ಮೂತ್ರಕೋಶಕ್ಕೆ ಸೇರಿಸಿ, ಅದು ಮೇಲೇರಿ ಮೂತ್ರಪಿಂಡವನ್ನು ಆಕ್ರಮಿಸಿದ ತರುವಾಯ ಒಂದೊಂದು ಗುಂಪಿಗೆ ಒಂದೊಂದು ಆಂಟಿಬಯಾಟಿಕ್ ಕೊಟ್ಟು, ಕಡೆಗೆ ಆ ಅಂಗವನ್ನೇ ಅರೆದು, ಅಗರ್ ತಟ್ಟೆಯ ಮೇಲೆ ಹರಡಿ, ಬೆಳೆದ ವಸಾಹತುಗಳನ್ನು ಎಣಿಸುವುದು ಇಲ್ಲಿ ರೂಢಿಯಾದ ಕ್ರಮ. ನೈಟ್ರೊಫುರಾಂಟಾಯಿನ್ ಮೂತ್ರದಲ್ಲಿ ಸಾಂದ್ರವಾಗಿ ಶೇಖರವಾಗುವುದಾದರೂ ಅಂಗಾಂಶದಲ್ಲಿ ಸಾಕಷ್ಟು ನೆಲೆಸದಿರುವುದರಿಂದ, ಮೂತ್ರಕೋಶದ ಉರಿಯೂತಕ್ಕೆ ಸಲ್ಲುವ ಅದು ಮೂತ್ರಪಿಂಡದ ಸೋಂಕಿಗೆ ಸಲ್ಲದು. ಜೆಂಟಾಮೈಸಿನ್ನಿನ ನಡತೆ ಇದಕ್ಕೆ ವಿಪರೀತ: ರಕ್ತದಿಂದ ಮರೆಯಾದ ಮೇಲೂ ಅದು ಮೂತ್ರಪಿಂಡದ ಹೊರಪದರದಲ್ಲಿ ಅನೇಕ ದಿನ ಉಳಿದಿರುವುದು, ಅದರ ಬಲಕ್ಕೂ, ಅಲ್ಲಿಯ ಸೂಕ್ಷ್ಮನಾಳಗಳಿಗೆ ಅದು ಮಾಡುವ ಹಾನಿಗೂ ಈ ಶೇಖರಣೆಯೇ ಕಾರಣ.

ಮೂತ್ರಪಿಂಡವಾದರೂ ಆದ್ಯಂತ ಏಕರೂಪವಾದುದಲ್ಲ. ಹೊರಪದರದಲ್ಲಿ ಸೋಂಕು ಹತ್ತಬೇಕಾದರೆ ಬ್ಯಾಕ್ಟೀರಿಯಾದ ಅಪಾರ ಸಂಖ್ಯೆ ಬೇಕಾಗುವುದೆಂದೂ, ಒಳತಿರುಳಿಗೆ ಕೆಲವೇ ಜೀವಾಣುಗಳು ಸಾಕೆಂದೂ 1950ರ ದಶಕದಲ್ಲಿ ಸಂಶೋಧಕ ಪಾಲ್ ಬೀಸನ್ ಮತ್ತು ಅವರ ಸಂಗಡಿಗರ ಪ್ರಯೋಗಗಳು ತೋರಿಸಿದವು. ಲವಣಾದಿಗಳು ದಟ್ಟವಾಗಿರುವ ಆ ತಿರುಳಿನಲ್ಲಿ ಬಿಳಿಯ ರಕ್ತಕಣಗಳ ಪರಾಕ್ರಮ ಕುಂದುವುದು, ಅಮೋನಿಯಾ ದೇಹದ ರಕ್ಷಣಾದ್ರವ್ಯಗಳನ್ನು ದುರ್ಬಲಗೊಳಿಸುವುದು. ಇಷ್ಟೇ ಅಲ್ಲ: ಪೆನಿಸಿಲಿನ್ ಕೋಶಭಿತ್ತಿಯನ್ನು ಕಳಚಿದಾಗ ಅನ್ಯತ್ರ ಒಡೆದು ನಾಶವಾಗುವ ಬ್ಯಾಕ್ಟೀರಿಯಾ ಆ ಸಾಂದ್ರದ್ರವದಲ್ಲಿ ಭಿತ್ತಿಯಿಲ್ಲದೆಯೂ ಬದುಕಿರಬಲ್ಲದು. ಗಾಜಿನ ನಳಿಗೆಯಲ್ಲಿ ಜಯಶಾಲಿಯಾದ ಔಷಧವು ಇಲ್ಲಿ ಏಕೆ ಸೋಲುವುದೆಂಬುದಕ್ಕೆ ಇದಕ್ಕಿಂತ ಮನೋಜ್ಞವಾದ ವಿವರಣೆಯನ್ನು ನಾನು ಕಾಣೆನು.

ಚಿಕಿತ್ಸೆಯನ್ನು ಯಾವಾಗ ತೊಡಗಿದರೂ ಫಲವೊಂದೇ ಎಂಬುದೂ ಭ್ರಮೆಯೇ. ತಡವಾದಲ್ಲಿ ಜೀವಾಣುಗಳು ಅಳಿದರೂ ಉರಿಯೂತದ ಗಾಯ ಮೂತ್ರಪಿಂಡದಲ್ಲಿ ಕಲೆಯಾಗಿ ಉಳಿಯುವುದು. ಇಲಿಗೆ ಕೊಟ್ಟ ಔಷಧದ ಪ್ರಮಾಣವನ್ನು ತೂಕಕ್ಕನುಗುಣವಾಗಿ ಗುಣಿಸಿ ಮನುಷ್ಯನಿಗೆ ಕೊಡಬಹುದೆಂಬ ಎಣಿಕೆಯೂ ತಪ್ಪು. ಇಲಿಯ ದೇಹವು ಅನೇಕ ಔಷಧಗಳನ್ನು ನಮ್ಮ ದೇಹಕ್ಕಿಂತ ಬಹು ಶೀಘ್ರವಾಗಿ ಹೊರಹಾಕುತ್ತದೆ.

ಇಂಥ ಪ್ರಯೋಗಗಳಲ್ಲಿ ಎರಡು ಔಷಧಗಳನ್ನು ನ್ಯಾಯವಾಗಿ ತೂಗುವವರು ಕಡೆಯ ಸೂಜಿಮದ್ದಿನ ದಿನವೇ ತೀರ್ಪು ಕೊಡುವುದಿಲ್ಲ. ಅಂಗಾಂಶದಲ್ಲಿ ಉಳಿದ ಔಷಧವು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಕೇವಲ ಅದುಮಿಟ್ಟಿರಬಹುದಾದ್ದರಿಂದ, ಕೆಲವು ಪ್ರಾಣಿಗಳನ್ನು ಮತ್ತೂ ಹಲವು ದಿನ ಔಷಧವಿಲ್ಲದೆ ಇರಿಸಿ, ಸೋಂಕು ಮರಳುವುದೋ ಇಲ್ಲವೋ ಎಂದು ಕಾಯುತ್ತಾರೆ. ಕಡೆಯ ಸೂಜಿಮದ್ದಿನ ದಿನ ಸಮಾನವಾಗಿ ಕಂಡ ಔಷಧಗಳ ಅಂತರವು ಅನೇಕ ವೇಳೆ ಈ ಕಾಯುವಿಕೆಯಲ್ಲಿಯೇ ಪ್ರಕಟವಾಗುವುದು.