ಬೆಳ್ಳಿ ನಾಣ್ಯದಲ್ಲಿ ಮದರ್ ತೆರೇಸಾ

ಮಾಗಡಿ ರಸ್ತೆಯ ನಮ್ಮ ಸುಂಕದಕಟ್ಟೆಗೆ ಹೆಸರಿನಲ್ಲಿಯೇ ಸುಂಕವಿದೆ. ಸುಂಕವೆಂದೊಡನೆ ಸಂತ ಮತ್ತಾಯರು ನೆನಪಾಗುತ್ತಾರೆ. ಅವರ ಶುಭಸಂದೇಶದಲ್ಲಿ ಯೇಸುಸ್ವಾಮಿ ಕೇಳಿದ ಪ್ರಶ್ನೆಯೂ ನೆನಪಾಗುತ್ತದೆ: ಈ ನಾಣ್ಯದ ಮೇಲಿರುವ ಮುದ್ರೆ ಯಾರದು? ಅಂದು ದೊರೆತ ಉತ್ತರ ಚಕ್ರವರ್ತಿಯದೆಂದು. 2010ರಲ್ಲಿ ಭಾರತ ಸರ್ಕಾರ ಹೊರತಂದ ನೂರು ರೂಪಾಯಿಯ ಬೆಳ್ಳಿ ನಾಣ್ಯವನ್ನು ಹಿಡಿದು ಹಾಗೆಯೇ ಕೇಳಿದರೆ, ಚಿಕ್ಕಾಸನ್ನೂ ತನ್ನದೆಂದು ಇಟ್ಟುಕೊಳ್ಳದ ಕನ್ಯಾಸ್ತ್ರೀಯೊಬ್ಬರದೆಂದು ಹೇಳಬೇಕಾಗುತ್ತದೆ.

ಸ್ವತಂತ್ರ ಭಾರತದಲ್ಲಿ ಸ್ಮಾರಕ ನಾಣ್ಯಗಳ ಪರಂಪರೆ ಆರಂಭವಾದುದು 1964ರಲ್ಲಿ, ನೆಹರೂ ಅವರ ನಾಣ್ಯದಿಂದ. ಗಾಂಧೀಜಿಯವರ ಜನ್ಮಶತಾಬ್ದಿಗೆಂದು 1969ರಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯದಲ್ಲಿ ನೂರಕ್ಕೆ 80 ಪಾಲು ಬೆಳ್ಳಿಯಿತ್ತು. ನಮ್ಮ ನಾಡಿನ ಬಸವೇಶ್ವರರಿಗೆ 2006ರಲ್ಲಿ, ಕೇರಳದ ಸಂತ ಅಲ್ಫೋನ್ಸಾ ಅವರಿಗೆ 2009ರಲ್ಲಿ ಈ ಗೌರವ ಸಂದಿತು. 1910ರ ಆಗಸ್ಟ್ 26ರಂದು ಸ್ಕೋಪ್ಯೆಯಲ್ಲಿ ಜನಿಸಿದ ಮದರ್ ತೆರೇಸಾ ಅವರ ಜನ್ಮಶತಾಬ್ದಿ ನಾಣ್ಯವನ್ನು ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರು 2010ರ ಆಗಸ್ಟ್ 28ರಂದು ನವದೆಹಲಿಯಲ್ಲಿ ಬಿಡುಗಡೆ ಮಾಡಿದರು.

ನಾಣ್ಯದ ತೂಕ 35 ಗ್ರಾಂ, ಅಡ್ಡಳತೆ 44 ಮಿಲಿಮೀಟರ್. ಅರ್ಧ ಪಾಲು ಬೆಳ್ಳಿ, 40 ಪಾಲು ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಒಂದು ಮುಖದಲ್ಲಿ ಅಶೋಕ ಸ್ತಂಭದ ಸಿಂಹಗಳು. ಇನ್ನೊಂದರಲ್ಲಿ ಮದರ್ ಅವರ ಮುಖ, ಸುತ್ತ ಹಿಂದಿ ಮತ್ತು ಇಂಗ್ಲಿಷ್ ಬರಹ. ಸೀರೆಯ ನೀಲಿ ಅಂಚು ಮಾತ್ರ ಲೋಹದಲ್ಲಿ ಬರಲಾರದು. ಗಮನಿಸಬೇಕಾದ ಮಾತೊಂದಿದೆ. ಅಲ್ಫೋನ್ಸಾ ಅವರ ನಾಣ್ಯದಲ್ಲಿ 'ಸಂತ' ಎಂಬ ಬಿರುದಿದೆ, ಏಕೆಂದರೆ 2008ರಲ್ಲಿಯೇ ಅವರಿಗೆ ಸಂತಪದವಿ ದೊರೆತಿತ್ತು. ಮದರ್ ಆಗಿನ್ನೂ ಪುನೀತರು; ಸಂತರಾದುದು 2016ರ ಸೆಪ್ಟೆಂಬರ್ 4ರಂದು. ಹೀಗಾಗಿ ಅವರ ನಾಣ್ಯದಲ್ಲಿ ಬರಿಯ 'ಮದರ್' ಎಂದಿದೆ. ನಮಗಂತೂ ಅದೇ ಹೆಚ್ಚು ಹಿತವೆನಿಸುತ್ತದೆ.

ಇದನ್ನು ದೇವರ ಪೀಠದಲ್ಲಿ ಇಡಬಹುದೇ ಎಂದು ಕೇಳುವವರುಂಟು. ಇಡಲು ಅಡ್ಡಿಯಿಲ್ಲ, ಆದರೆ ಇದು ಪವಿತ್ರ ಪದಕವಲ್ಲ, ಸರ್ಕಾರದ ಹಣ. ಹಣಕ್ಕೆ ಬೆಲೆ ಬರುವುದು ಪ್ರಕೃತಿಯಿಂದಲ್ಲ, ಕಟ್ಟಳೆಯಿಂದ ಎಂದು ತಿಳಿಸಿದವನು ಅರಿಸ್ಟಾಟಲ್. ಈ ನಾಣ್ಯದ ವಿಷಯದಲ್ಲಿ ಕಟ್ಟಳೆ ಹೇಳುವುದು ನೂರು ರೂಪಾಯಿ. ಒಳಗಿರುವ ಹದಿನೇಳೂವರೆ ಗ್ರಾಂ ಬೆಳ್ಳಿಯ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಯಾರೂ ಇದನ್ನು ಅಂಗಡಿಗೆ ಒಯ್ಯುವುದಿಲ್ಲ. ಸಂಗ್ರಾಹಕರ ಪೆಟ್ಟಿಗೆಯಲ್ಲಿಯೇ ಇದರ ವಾಸ. ಬಡವರಿಗಾಗಿ ಬೀದಿಗಿಳಿದವರನ್ನು ಹೀಗೆ ಬೀಗ ಹಾಕಿ ಇಡುವುದು ನಮಗೆ ಅಷ್ಟಾಗಿ ಒಪ್ಪುವುದಿಲ್ಲ.

ಅದೇ ಸಂದರ್ಭದಲ್ಲಿ ಬಂದ ಐದು ರೂಪಾಯಿಯ ನಾಣ್ಯದ ಕಥೆ ಬೇರೆ. ಅದರಲ್ಲಿ ಬೆಳ್ಳಿಯಿಲ್ಲ, ಹಳದಿ ಲೋಹವಷ್ಟೇ. ಆದರೆ ಮುಖ ಅದೇ. ಅದು ಬಸ್ ಕಂಡಕ್ಟರರ ಚೀಲಕ್ಕೂ ಸೊಪ್ಪು ಮಾರುವವರ ಸೆರಗಿನ ಗಂಟಿಗೂ ಬಲಿಪೂಜೆಯ ಕಾಣಿಕೆ ಚೀಲಕ್ಕೂ ಸಲ್ಲುತ್ತದೆ. ಮಕ್ಕಳ ಹುಂಡಿಯಲ್ಲಿ ಸಿಕ್ಕರೆ ಇಸವಿಯ ಬಳಿ ದಿಟ್ಟಿಸಿ ನೋಡಿರಿ. ವಜ್ರಾಕಾರದ ಗುರುತು ಮುಂಬಯಿ ಟಂಕಸಾಲೆಯದು. ಯಾವ ಗುರುತೂ ಇಲ್ಲದಿದ್ದರೆ ಅದು ಮದರ್ ಅವರ ಕೊಲ್ಕತ್ತದಲ್ಲಿಯೇ ಅಚ್ಚಾದುದು.