ಚಂದಾ: ಇಪ್ಪತ್ನಾಲ್ಕು ಸಾವಿರ ಗಜ ನೂಲು

ಬೆಳಗಾವಿಯ ಟಿಳಕವಾಡಿಯ ವೀರಸೌಧವನ್ನೂ ಕಾಂಗ್ರೆಸ್ ಬಾವಿಯನ್ನೂ ನೋಡಹೋದವರಿಗೆ ಮೊದಲು ಕಿವಿಗೆ ಬೀಳುವುದು ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನದ ಹೆಗ್ಗಳಿಕೆ. ಆದರೆ 1924ರ ಡಿಸೆಂಬರಿನ ಆ ಸಭೆ ಒಪ್ಪಿದ ಸದಸ್ಯತ್ವದ ನಿಯಮ ಅದಕ್ಕಿಂತ ಹೆಚ್ಚು ವಿಚಿತ್ರವಾದುದು. ನಾಲ್ಕಾಣೆ ಕೊಟ್ಟು ಕಾಂಗ್ರೆಸ್ಸಿಗನಾಗುತ್ತಿದ್ದವನು ಇನ್ನು ತಿಂಗಳಿಗೆ 2,000 ಗಜದಂತೆ ವರ್ಷಕ್ಕೆ 24,000 ಗಜ, ಅಂದರೆ ಸುಮಾರು 22 ಕಿಲೋಮೀಟರ್ ಉದ್ದದ, ಹದವಾದ ನೂಲನ್ನು ಒಪ್ಪಿಸಬೇಕಿತ್ತು.

ಇದರ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಹತ್ತಿನೂಲಿನ 840 ಗಜದ ಸುತ್ತಿಗೆ ಲಡಿ ಎಂದೂ, ಒಂದು ಪೌಂಡಿಗೆ ಎಷ್ಟು ಲಡಿ ತೂಗುತ್ತವೆಯೋ ಆ ಸಂಖ್ಯೆಗೆ ನೂಲಿನ ಅಂಕವೆಂದೂ ಹೆಸರು. 10ನೇ ಅಂಕದ ದಪ್ಪ ನೂಲಾದರೆ ಇಡೀ ವರ್ಷದ ಚಂದಾ ಮೂರು ಪೌಂಡನ್ನು ಮುಟ್ಟುವುದಿಲ್ಲ, 20ನೇ ಅಂಕದ್ದಾದರೆ ಒಂದೂವರೆ ಪೌಂಡೂ ಆಗುವುದಿಲ್ಲ. ಇಷ್ಟರಿಂದ ಮ್ಯಾಂಚೆಸ್ಟರಿನ ಗಿರಣಿಗಳು ನಡುಗಲಾರವು ಎಂಬುದು ನಿಯಮ ಮಾಡಿದವರಿಗೂ ತಿಳಿದಿದ್ದೇ ಇರಬೇಕು. ದಿನಕ್ಕೆ ಬೀಳುವುದು ಸುಮಾರು 67 ಗಜ, ಹಂಜಿ ಹಿಡಿದು ಪಳಗಿದ ಕೈಗೆ ಅರ್ಧ ತಾಸಿನೊಳಗಿನ ಕೆಲಸ. ವಕೀಲನನ್ನೂ ಜಮೀನ್ದಾರನನ್ನೂ ಆ ಅರ್ಧ ತಾಸು ಕದಿರಿನ ಮುಂದೆ ಕೂರಿಸುವುದೇ ನಿಜವಾದ ಉದ್ದೇಶವಾಗಿತ್ತು.

ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಗಂಗಾಬೆಹನ್ ಗಾಂಧೀಜಿಗಾಗಿ ಚರಕವನ್ನು ಹುಡುಕಿಕೊಟ್ಟದ್ದು, 1921ರ ಜುಲೈ 31ರಂದು ಮುಂಬೈಯಲ್ಲಿ ವಿದೇಶಿ ಬಟ್ಟೆಯ ರಾಶಿ ಉರಿದದ್ದು, ಅದೇ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಗಾಂಧೀಜಿ ತುಂಡುಬಟ್ಟೆಗೆ ಇಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬಟ್ಟೆ ಸುಡುವುದಕ್ಕೆ ಒಂದು ಸಂಜೆಯ ಉತ್ಸಾಹ ಸಾಕು, ನೂಲುವುದಕ್ಕೆ ಸಾಲದು.

ಆದ್ದರಿಂದಲೇ ನಿಯಮದೊಳಗೆ ಒಂದು ಕಿಂಡಿ ಇತ್ತು. ಚಿತ್ತರಂಜನ ದಾಸ್ ಮತ್ತು ಮೋತಿಲಾಲ್ ನೆಹರೂ ಅವರೊಡನೆ ಗಾಂಧೀಜಿ 1924ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಕಾಯಿಲೆಯಾಗಲಿ ಮನಸ್ಸಿಲ್ಲದಿರುವುದಾಗಲಿ ಕಾರಣವಾದರೆ ಬೇರೆಯವರು ನೂತದ್ದನ್ನೂ ಕೊಡಬಹುದಿತ್ತು. ಮನಸ್ಸಿಲ್ಲದಿರುವುದನ್ನು ಕಾಯಿಲೆಯ ಪಕ್ಕದಲ್ಲೇ ಕೂರಿಸಿದ ಈ ಔದಾರ್ಯ ರಾಜಕೀಯವಾಗಿ ಜಾಣತನವಿರಬಹುದು, ಆದರೆ ದುಡ್ಡಿದ್ದವನು ಬೆವರನ್ನು ಕೊಂಡುಕೊಳ್ಳಲು ಅದು ದಾರಿ ಮಾಡಿಕೊಟ್ಟಿತು. ಒಂದು ವರ್ಷವೂ ತುಂಬುವ ಮೊದಲು, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದಲ್ಲಿ ನಾಲ್ಕಾಣೆ ಮರಳಿ ಬಂತು. ನೂಲೇ ಕೊಡುವವರಿಗೆ ವರ್ಷಕ್ಕೆ ಸ್ವಂತ ಕೈಯಿಂದ ನೂತ 2,000 ಗಜ ಸಾಕಾಯಿತು.

ಅಲ್ಲಿಯೇ ಹುಟ್ಟಿದ ಅಖಿಲ ಭಾರತ ಚರಕ ಸಂಘಕ್ಕೆ ನೂಲು ಒದಗಿಸಿದವರಲ್ಲಿ ಕೂಲಿಗಾಗಿ ನೂಲುವ ಬಡ ಹೆಂಗಸರೇ ಬಹುಪಾಲು. ಅವರಿಗೆ ಬದುಕಲು ಸಾಲುವಷ್ಟು ಕೂಲಿ ಕೊಡಬೇಕೆಂಬ ನೀತಿಯನ್ನು ಸಂಘ ಒಪ್ಪಿಕೊಳ್ಳಲು 1935 ಬರಬೇಕಾಯಿತು.